ದಾವಣಗೆರೆಯಿಂದ ಹೊರಟು ಮೂರು ದಿನದಲ್ಲಿ ಕರ್ನಾಟಕದ ವಿಶ್ವ ಪರಂಪರೆ ತಾಣಗಳನ್ನೆಲ್ಲ ನೋಡಬಹುದೇ? ಜೊತೆಗೆ ವಯಸ್ಸಾದ ಅಪ್ಪ-ಅಮ್ಮ ಇದ್ದಾರೆ

ಎಲ್ಲವನ್ನೂ ನೋಡಲು ಆಗುವುದಿಲ್ಲ. ಹಂಪಿ ಮತ್ತು ಪಟ್ಟದಕಲ್ಲು ಎರಡನ್ನೇ ಇಟ್ಟುಕೊಂಡರೆ ಮೂರು ದಿನ ಸಾಕು, ಅದೂ ಹಿಂದಿನ ದಿನ ಸಂಜೆಯೇ ಹೊಸಪೇಟೆ ಸೇರಿಕೊಂಡರೆ. ಬೇಲೂರು-ಹಳೇಬೀಡು ಇನ್ನೊಂದು ವಾರಾಂತ್ಯಕ್ಕೆ ಇರಲಿ.

ಚಿತ್ರದುರ್ಗದ ಕೋಟೆಯೂ ಯುನೆಸ್ಕೋ ಪಟ್ಟಿಯಲ್ಲಿದೆಯೇ ಎಂದು ಕೇಳಿದ್ದೀರಿ. ಇಲ್ಲ, ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಪಟ್ಟಿಯಲ್ಲಿ ನಮ್ಮ ರಾಜ್ಯಕ್ಕೆ ಸಂಬಂಧಿಸಿದ್ದು ನಾಲ್ಕು: ಹಂಪಿ (1986), ಪಟ್ಟದಕಲ್ಲು (1987), ಪಶ್ಚಿಮ ಘಟ್ಟ (2012), ಬೇಲೂರು-ಹಳೇಬೀಡು-ಸೋಮನಾಥಪುರದ ಹೊಯ್ಸಳ ದೇವಾಲಯಗಳು (2023). ಆದರೂ ದುರ್ಗದ ಕೋಟೆಯನ್ನು ಬಿಡಬೇಡಿ. ಪ್ರವಾಸಕ್ಕೆ ಒಂದೆರಡು ವಾರ ಮೊದಲು ಅಪ್ಪ-ಅಮ್ಮನನ್ನು ಬೆಳಿಗ್ಗೆ ಹೊತ್ತು ಅಲ್ಲಿಗೆ ಕರೆದುಕೊಂಡು ಹೋಗಿ. ಒನಕೆ ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ, ಗೋಪಾಲಸ್ವಾಮಿ ಹೊಂಡದವರೆಗೆ ನಡೆದು ಬಂದು ಮಾರನೆಯ ದಿನ ಮಂಡಿ ನೋವು ಅನ್ನದಿದ್ದರೆ ಹಂಪಿಗೆ ಹೆದರಬೇಕಿಲ್ಲ. ನೋವು ಅಂದರೆ ಹೇಮಕೂಟದಂಥ ಹತ್ತುವ ಜಾಗಗಳನ್ನು ಈಗಲೇ ಕೈಬಿಡಿ.

ದಿನ ಲೆಕ್ಕ ಹಾಕುವಾಗ ಹೆಚ್ಚಿನವರು ತಾಣ ಎಷ್ಟು ಎಂದು ಎಣಿಸುತ್ತಾರೆ. ಎಣಿಸಬೇಕಾದ್ದು ವಿಸ್ತೀರ್ಣ. ಯುನೆಸ್ಕೋ ದಾಖಲೆಯಲ್ಲಿ ಹಂಪಿ ಸುಮಾರು 4,187 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 42 ಚದರ ಕಿಲೋಮೀಟರ್. ಪಟ್ಟದಕಲ್ಲು 5.56 ಹೆಕ್ಟೇರ್, ನಮ್ಮ ಕಡೆಯ ಲೆಕ್ಕದಲ್ಲಿ ಹದಿನಾಲ್ಕು ಎಕರೆಯ ಹೊಲ. ಎರಡಕ್ಕೂ ಒಂದೊಂದು ದಿನ ಎಂದು ಹಂಚಿದರೆ ಹಂಪಿಯಲ್ಲಿ ಓಡುತ್ತೀರಿ, ಪಟ್ಟದಕಲ್ಲಿನಲ್ಲಿ ಹೊತ್ತು ಹೋಗದೆ ಕೂರುತ್ತೀರಿ.

ದಾವಣಗೆರೆಯಿಂದ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮೇಲೆ ಹೊಸಪೇಟೆಗೆ ಕಾರಿನಲ್ಲಿ ಸುಮಾರು ಮೂರು ತಾಸು. ಚಿತ್ರದುರ್ಗದವರಾದರೆ ಕೂಡ್ಲಿಗಿ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಸಲೀಸು. ಬೆಳಿಗ್ಗೆ ಬೆಣ್ಣೆ ದೋಸೆ ತಿಂದೇ ಹೊರಡೋಣ ಎಂದು ಕೂತರೆ ಹಂಪಿ ಮುಟ್ಟುವ ಹೊತ್ತಿಗೆ ಬಂಡೆಗಳು ಕಾದಿರುತ್ತವೆ. ಹಿಂದಿನ ಸಂಜೆಯೇ ಹೋಗಿ ಎಂದದ್ದು ಇದಕ್ಕೇ. ವಾಸ್ತವ್ಯಕ್ಕೆ ಹೊಸಪೇಟೆ ಅಥವಾ ಕಮಲಾಪುರ ಅನುಕೂಲ. ಹಳೆಯ ಪ್ರವಾಸ ಲೇಖನಗಳಲ್ಲಿ ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಹೊಗಳಿರುತ್ತಾರೆ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅವನ್ನು ಕೆಡವಿದ್ದಾರೆ, ಹುಡುಕಿಕೊಂಡು ಹೋಗಬೇಡಿ.

ಹಂಪಿಯಲ್ಲಿ ಜನ ಎಡವುವುದು ಟಿಕೆಟ್ ವಿಷಯದಲ್ಲಿ. ವಿಜಯ ವಿಠ್ಠಲ ದೇವಸ್ಥಾನದಲ್ಲಿ ಕೊಳ್ಳುವ 40 ರೂಪಾಯಿಯ ಟಿಕೆಟ್ಟೇ ಕಮಲ ಮಹಲ್ ಇರುವ ರಾಣಿವಾಸದ ಆವರಣಕ್ಕೂ ಕಮಲಾಪುರದ ಮ್ಯೂಸಿಯಂಗೂ ನಡೆಯುತ್ತದೆ, ಆದರೆ ಅದೇ ದಿನ ಮಾತ್ರ. ಸಂಜೆ ನಾಲ್ಕಕ್ಕೆ ವಿಠ್ಠಲಕ್ಕೆ ಹೋಗಿ, ಉಳಿದದ್ದನ್ನು ನಾಳೆಗೆ ಇಟ್ಟುಕೊಂಡರೆ ಮತ್ತೆ ದುಡ್ಡು ಕೊಡಬೇಕು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಕ್ಯೂಆರ್ ಕೋಡ್ ಇದ್ದರೂ ನೆಟ್‌ವರ್ಕ್ ಕೈಕೊಟ್ಟರೆ ಎಂದು ಚಿಲ್ಲರೆ ಇಟ್ಟುಕೊಂಡಿರಿ.

ಆದ್ದರಿಂದ ಮೊದಲ ದಿನ ಎಂಟೂವರೆಗೆಲ್ಲ ವಿಠ್ಠಲದ ಪಾರ್ಕಿಂಗ್‌ನಲ್ಲಿರಿ. ಅಲ್ಲಿಂದ ದೇವಸ್ಥಾನಕ್ಕೆ ಒಂದು ಕಿಲೋಮೀಟರ್‌ಗೂ ಮೇಲೆ ದಾರಿಯಿದೆ, ಬ್ಯಾಟರಿ ಗಾಡಿ ಓಡುತ್ತದೆ. ಭಾನುವಾರ ಹನ್ನೊಂದರ ಮೇಲೆ ಆ ಗಾಡಿಯ ಸಾಲಿನಲ್ಲೇ ಅಪ್ಪ-ಅಮ್ಮನ ಶಕ್ತಿ ಮುಗಿದುಹೋಗುತ್ತದೆ. ಐವತ್ತು ರೂಪಾಯಿ ನೋಟಿನಲ್ಲಿರುವ ಕಲ್ಲಿನ ರಥ ಇಲ್ಲಿಯದೇ. ಅದನ್ನು ಮುಟ್ಟುವಂತಿಲ್ಲ, ಸಂಗೀತದ ಕಂಬಗಳನ್ನು ಬಡಿಯುವಂತಿಲ್ಲ, ಕಾವಲಿನವರು ತಕ್ಷಣ ಸೀಟಿ ಊದುತ್ತಾರೆ. ಬಿಸಿಲೇರಿದ ಮೇಲೆ ಕಮಲಾಪುರದ ಮ್ಯೂಸಿಯಂಗೆ ಬನ್ನಿ. ಅಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಇದೆ. ಯಾವ ಗುಡ್ಡದ ಹಿಂದೆ ಯಾವ ಗುಡಿ ಎಂಬುದು ಅದರ ಸುತ್ತ ಎರಡು ಸುತ್ತು ಹಾಕಿದರೆ ತಲೆಯಲ್ಲಿ ಕೂರುತ್ತದೆ. ಶುಕ್ರವಾರ ರಜೆ, ನೆನಪಿರಲಿ. ಊಟ, ವಿಶ್ರಾಂತಿ ಮುಗಿಸಿ ಮೂರರ ಮೇಲೆ ಕಮಲ ಮಹಲ್, ಆನೆ ಲಾಯ, ಹಜಾರರಾಮ ದೇವಸ್ಥಾನ, ಮಹಾನವಮಿ ದಿಬ್ಬ. ದಿಬ್ಬದ ಮೆಟ್ಟಿಲು ಕಡಿದು. ಹಿರಿಯರು ಕೆಳಗೇ ನಿಂತು ಸುತ್ತಲಿನ ಆನೆ, ಕುದುರೆ, ಬೇಟೆಯ ಪಟ್ಟಿಕೆಗಳನ್ನು ನೋಡಲಿ, ಮೇಲಿನ ನೋಟಕ್ಕಿಂತ ಅದೇ ಚೆನ್ನ.

ಎರಡನೆಯ ದಿನದ್ದಕ್ಕೆ ಪುರಾತತ್ವ ಇಲಾಖೆಯ ಟಿಕೆಟ್ ಇಲ್ಲ. ವಿರೂಪಾಕ್ಷ, ಕಡಲೆಕಾಳು ಗಣಪ, ಕೃಷ್ಣ ದೇವಸ್ಥಾನ, ಉಗ್ರನರಸಿಂಹ, ಬಡವಿಲಿಂಗ, ಎಲ್ಲ ಒಂದೇ ದಾರಿಯಲ್ಲಿ ಬರುತ್ತವೆ. ಮಧ್ಯಾಹ್ನದೊಳಗೆ ಮುಗಿಸಿ ಬಾದಾಮಿಗೆ ಹೊರಡಿ. ಹರಿಗೋಲಿನಲ್ಲಿ ಆನೆಗೊಂದಿಗೆ ದಾಟುವ ಆಸೆಯಿದ್ದರೆ ಮಳೆಗಾಲದಲ್ಲಿ ಬೇಡ, ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನಿಲ್ಲಿಸುತ್ತಾರೆ. ಅಂದ ಹಾಗೆ, ಇದೇ ನದಿಗೆ ಸೇತುವೆ ಕಟ್ಟಲು ಹೊರಟ ಗಲಾಟೆಯಲ್ಲೇ ಹಂಪಿ 1999ರಿಂದ 2006ರವರೆಗೆ ಯುನೆಸ್ಕೋದ ಅಪಾಯದಂಚಿನ ಪಟ್ಟಿಯಲ್ಲಿತ್ತು.

ಮೂರನೆಯ ದಿನ ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್. ಎರಡು ತಾಸು ಸಾಕು, ನೆಲ ಸಮತಟ್ಟು, ಹಿರಿಯರಿಗೆ ಇಡೀ ಪ್ರವಾಸದಲ್ಲಿ ಇದೇ ಹಗುರ. ಹೊಕ್ಕ ಕೂಡಲೇ ದೊಡ್ಡ ಗುಡಿಗೆ ಓಡದೆ ಶಿಖರಗಳನ್ನು ನೋಡುತ್ತ ನಿಲ್ಲಿ. ಬಾಗಿದ ಗೆರೆಯಲ್ಲಿ ಮೇಲೇರುವುದು ಉತ್ತರದ ನಾಗರ ಶೈಲಿ, ಅಂತಸ್ತು ಅಂತಸ್ತಾಗಿ ಏರುವುದು ದ್ರಾವಿಡ. ಎರಡೂ ಅಕ್ಕಪಕ್ಕ ನಿಂತಿರುವುದೇ ಈ ಊರಿನ ಹೆಚ್ಚುಗಾರಿಕೆ. ಇಲ್ಲಿನ ವಿರೂಪಾಕ್ಷ ಗುಡಿಯನ್ನು ಎಂಟನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನ ಕಂಚಿ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಕಟ್ಟಿದ ಶಿಲ್ಪಿ ಗುಂಡನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದು ಅಲ್ಲಿನ ಹಳಗನ್ನಡ ಶಾಸನದಲ್ಲೇ ಇದೆ. ಗುಡಿಯ ಮುಖ ಪೂರ್ವಕ್ಕಿರುವುದರಿಂದ ಬೆಳಗಿನ ಬೆಳಕೇ ಸರಿ. ಪಾಪನಾಥ ಗುಡಿ ಮುಖ್ಯ ಗುಂಪಿನಿಂದ ದಕ್ಷಿಣಕ್ಕೆ ಬೇರೆಯಾಗಿದೆ, ಜೈನ ಬಸದಿ ಬಾದಾಮಿ ರಸ್ತೆಯಲ್ಲಿದೆ. ಬಹಳ ಜನ ಈ ಎರಡನ್ನೂ ನೋಡದೆ ಬರುತ್ತಾರೆ.

ಊಟಕ್ಕೆ ಬಾದಾಮಿ ಹತ್ತಿರದ ಬನಶಂಕರಿ ಗುಡಿಯ ಮುಂದೆ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಬಡಿಸುವ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಡಿಗೆ ಮೊಸರು. ಐಹೊಳೆಯೂ ಬೇಕೆಂದರೆ ಬನಶಂಕರಿಯನ್ನು ಹಿಂದಿನ ಸಂಜೆಯೇ ಮುಗಿಸಿ, ಪಟ್ಟದಕಲ್ಲಿನಿಂದ ನೇರ ಐಹೊಳೆಗೆ ಹೋಗಿ. ಅಲ್ಲಿಂದ ಹುನಗುಂದ, ಹೊಸಪೇಟೆ ಮೇಲೆ ಊರಿಗೆ ಐದಾರು ತಾಸು. ದಾರಿಯಲ್ಲಿ ಇಳಕಲ್ ಸಿಗುತ್ತದೆ. ಅಮ್ಮ ಸೀರೆ ಅಂಗಡಿ ಹೊಕ್ಕರೆ ಇನ್ನೊಂದು ತಾಸು ಸೇರಿಸಿಕೊಳ್ಳಿ.

ಹೊಯ್ಸಳ ಗುಡಿಗಳಿಗೆ ಹೋಗುವ ಮೊದಲು ಪಕ್ಕದ ಹರಿಹರದ ಹರಿಹರೇಶ್ವರವನ್ನು ನೋಡಿಕೊಳ್ಳಿ. ಅದೂ ಹೊಯ್ಸಳರ ಕಾಲದ್ದೇ, ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಆ ಪ್ರವಾಸಕ್ಕೆ ದಾವಣಗೆರೆಯಿಂದ ಅರಸೀಕೆರೆಗೆ ರೈಲಿದೆ, ಅಲ್ಲಿಂದ ಟ್ಯಾಕ್ಸಿ. ಬೆಳಿಗ್ಗೆ ಬೇಲೂರು, ಮಧ್ಯಾಹ್ನದ ಮೇಲೆ 16 ಕಿಲೋಮೀಟರ್ ದೂರದ ಹಳೇಬೀಡು ಇಟ್ಟುಕೊಳ್ಳಿ: ಬೇಲೂರಿನ ಗರ್ಭಗುಡಿ ಮಧ್ಯಾಹ್ನ ಮುಚ್ಚಿರುತ್ತದೆ, ಹಳೇಬೀಡಿನ ಒಳ್ಳೆಯ ಕೆತ್ತನೆ ಪಶ್ಚಿಮದ ಗೋಡೆಯಲ್ಲಿದ್ದು ಆಗಲೇ ಅದಕ್ಕೆ ಬೆಳಕು. ಎರಡೂ ಕಡೆ ಚಪ್ಪಲಿ ಹೊರಗೇ ಬಿಡಬೇಕು, ಗುಡಿ ನಿಂತಿರುವ ಕಲ್ಲಿನ ಕಟ್ಟೆ, ಅಂದರೆ ಕಾದ ಜಗತಿಯ ಮೇಲೆ ನಡೆಯಲು ಎಲ್ಲರಿಗೂ ದಪ್ಪ ಕಾಲುಚೀಲ ಒಯ್ಯಿರಿ. ಸೋಮನಾಥಪುರ ಮೈಸೂರಿನ ಪ್ರವಾಸಕ್ಕೆ ಸೇರಿದ್ದು, ಇದರಲ್ಲಿ ತುರುಕಬೇಡಿ.