ಜೋಡಿ ಎಂಟು: ಬಿಡಬೇಕಾ, ಏರಿಸಬೇಕಾ?

ಟೆಕ್ಸಾಸ್ ಹೋಲ್ಡೆಮ್ ಪೋಕರ್‌ನಲ್ಲಿ ಒಬ್ಬರು ರೈಸ್ ಮಾಡಿ (ಬೆಟ್ ಏರಿಸಿ), ಇನ್ನೊಬ್ಬರು ಅದರ ಮೇಲೆ ಮತ್ತೆ ರೈಸ್ ಮಾಡಿದಾಗ ಜೋಡಿ ಎಂಟು (ಕೈಯಲ್ಲಿರುವ ಎರಡೂ ಎಲೆ ಎಂಟು) ಹಿಡಿದು ಏನು ಮಾಡಬೇಕು ಅಂತ ಕೇಳಿದ್ದೀರಿ. ನಾನಾದರೆ ಸುಮ್ನೆ ಫೋಲ್ಡ್ ಮಾಡುತ್ತೇನೆ, ಅಂದರೆ ಎಲೆ ಬಿಟ್ಟುಬಿಡುತ್ತೇನೆ. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ) ಇನ್ನೊಂದು ಎಂಟು ಬರುವ ಸಾಧ್ಯತೆ ಸುಮಾರು 12% ಅಷ್ಟೇ. ಎಂಟಕ್ಕಿಂತ ದೊಡ್ಡ ಎಲೆ ಒಂದಾದರೂ ಬೀಳುವುದು ಸುಮಾರು 87% ಸಲ. ಆಮೇಲೆ ಎದುರಿನವರು ಬೆಟ್ ಕಟ್ಟಿದರೆ ಊಹೆ ಮಾಡುತ್ತಾ ಕೂರಬೇಕು, ಅಲ್ವಾ?

ಒಬ್ಬರೇ ರೈಸ್ ಮಾಡಿದ್ದು, ನಿಮ್ಮಿಬ್ಬರ ಹತ್ತಿರವೂ ಕಾಲ್ ಮೊತ್ತದ (ಅವರ ಬೆಟ್‌ಗೆ ಸಮನಾಗಿ ನೀವು ಹಾಕಬೇಕಾದ್ದು) 15 ಪಟ್ಟಾದರೂ ಚಿಪ್ಸ್ ಇದ್ದರೆ ಕಾಲ್ ಮಾಡಿ ನೋಡಬಹುದು. ಎಂಟು ಬೀಳದೆ ಜಾಸ್ತಿ ಬೆಟ್ ಬಂದರೆ ಬಿಟ್ಟುಬಿಡಿ.

ಯಾರೂ ರೈಸ್ ಮಾಡಿಲ್ಲವಾ? ಹಾಗಾದರೆ ಯೋಚನೆ ಬೇಡ, ನೀವೇ ರೈಸ್ ಮಾಡಿ. ಬರೀ ಕಾಲ್ ಮಾಡಿದರೆ ಅಗ್ಗದಲ್ಲಿ ನಾಲ್ಕೈದು ಜನ ಒಳಗೆ ಬಂದುಬಿಡುತ್ತಾರೆ. ಟೂರ್ನಮೆಂಟ್‌ನಲ್ಲಿ ಹತ್ತೇ ಬಿಗ್ ಬ್ಲೈಂಡ್‌ನಷ್ಟು (ಎಲೆ ಹಂಚುವ ಮೊದಲೇ ಒಬ್ಬರು ಕಟ್ಟಬೇಕಾದ ಕಡ್ಡಾಯ ಬೆಟ್) ಚಿಪ್ಸ್ ಉಳಿದಿದ್ದರೆ ನೇರ ಆಲ್ ಇನ್, ಅಂದರೆ ಇರುವ ಚಿಪ್ಸ್ ಎಲ್ಲಾ ಕಟ್ಟಿಬಿಡಿ.