ಪಕ್ಕದ ಹೊಲ ಬೀಳು ಬಿದ್ದಿಲ್ಲ, ರಶ್ಮಿ

ರಶ್ಮಿ, ಹಾವೇರಿಯಿಂದ ಬಂದು ಅಮೆರಿಕದ ಅಯೋವಾ ರಾಜ್ಯದ ಪಶ್ಚಿಮದಂಚಿನ ಸಣ್ಣ ಊರಲ್ಲಿ ಮನೆ ಮಾಡಿದ್ದೀರಿ ಅಂತ ನೀವು ಬರೆದದ್ದು ಓದಿ ಖುಷಿಯಾಯಿತು. ನಾನೂ ರಾಣೆಬೆನ್ನೂರಿನವಳೇ. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಚಳಿ, ಕಾರು, ಶಾಲೆಯ ಬಗ್ಗೆ ಹೇಳುವವರು ತುಂಬಾ ಜನ ಸಿಗುತ್ತಾರೆ. ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ನಾನು ಬರೆಯುತ್ತೇನೆ: "ಮನೆ ಪಕ್ಕದ ಹೊಲದಲ್ಲಿ ಬರೀ ಹುಲ್ಲು. ಉಳದೇ ಬಿಟ್ಟಿದ್ದಕ್ಕೆ ಸರ್ಕಾರ ದುಡ್ಡು ಕೊಡುತ್ತದಂತೆ. ಇದು ಸರೀನಾ?"

ಕೊಡುವುದು ನಿಜ. ಆದರೆ ಸುಮ್ನೆ ಕೊಡುವುದಿಲ್ಲ. ಯೋಜನೆಯ ಹೆಸರು ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ. ಇಲ್ಲಿ ಎಲ್ಲರ ಬಾಯಲ್ಲೂ ಸಿಆರ್‌ಪಿ. 1985ರ ಕೃಷಿ ಕಾಯ್ದೆಯಲ್ಲಿ ಶುರುವಾಯಿತು. ಮಣ್ಣು ಕೊಚ್ಚಿಹೋಗುವಂಥ ಜಾಗಕ್ಕೆ ಹುಲ್ಲು, ಹೂಗಿಡ ಹಾಕಿ 10ರಿಂದ 15 ವರ್ಷ ಕಾಪಾಡುತ್ತೇನೆ ಅಂತ ರೈತ ಕರಾರು ಬರೆದುಕೊಡುತ್ತಾನೆ. ಸರ್ಕಾರ ವರ್ಷಕ್ಕೊಮ್ಮೆ ಎಕರೆ ಲೆಕ್ಕದಲ್ಲಿ ಬಾಡಿಗೆ ಕೊಡುತ್ತದೆ. ಮುಳ್ಳುಗಿಡ ಎದ್ದರೆ ಕೀಳಬೇಕಾದವನು ಅವನೇ. ಕರಾರು ಮುರಿದರೆ ತೆಗೆದುಕೊಂಡ ದುಡ್ಡು ವಾಪಸ್ ಕಟ್ಟಬೇಕು.

ಯಾಕೆ ಇಷ್ಟೆಲ್ಲ ಅಂದರೆ, ನಿಮ್ಮ ಊರಿನ ಹಿಂದಿರುವ ಆ ಗುಡ್ಡಗಳನ್ನು ನೋಡಿ. ಲೋಯೆಸ್ ಹಿಲ್ಸ್ ಅಂತಾರೆ. ಗಾಳಿ ತಂದು ಸುರಿದ ಮಣ್ಣು ಅದು. ನಾನು ಬಂದ ಮೊದಲ ಜೂನ್‌ನಲ್ಲಿ ಒಂದು ಹಿಡಿ ಎತ್ತಿ ನೋಡಿದ್ದೆ, ಹುರಿಹಿಟ್ಟಿನಷ್ಟು ನಯ. ಅದೇ ರಾತ್ರಿ ಜೋರು ಮಳೆ. ಬೆಳಿಗ್ಗೆ ಪಕ್ಕದ ಮನೆಯ ಹಿರಿಯ ರೈತರು ನನ್ನನ್ನು ರಸ್ತೆ ಬದಿಯ ಕಾಲುವೆ ಹತ್ತಿರ ಕರೆದುಕೊಂಡು ಹೋದರು. ಗೋವಿನಜೋಳ ಬಿತ್ತಿದ ಇಳಿಜಾರಿನ ಕೆಳಗೆ ನೀರು ಹಾಲು ಹಾಕಿದ ಚಹಾದ ಬಣ್ಣ, ಕಾಲಿಟ್ಟರೆ ಮೀನಖಂಡದವರೆಗೆ ಕೆಸರು. ಐವತ್ತು ಹೆಜ್ಜೆ ಆಚೆ, ಹುಲ್ಲಿನ ಹೊಲದಿಂದ ಇಳಿಯುತ್ತಿದ್ದ ನೀರಲ್ಲಿ ತಳದ ಕಲ್ಲು ಕಾಣುತ್ತಿತ್ತು. ಅವರು ಏನೂ ಹೇಳಲಿಲ್ಲ. ಹೇಳುವುದೂ ಬೇಕಿರಲಿಲ್ಲ. ನಮ್ಮಪ್ಪ ಮುಂಗಾರಿಗೆ ಮುಂಚೆ ಮೈ ಮುರಿದು ಬದು ಹಾಕುತ್ತಿದ್ದದ್ದು ನೆನಪಾಯಿತು. ಕೆಲಸ ಅದೇ ಅಲ್ವಾ?

ಮಣ್ಣಿನ ಜೊತೆ ಗೊಬ್ಬರವೂ ನದಿ ಸೇರುತ್ತದೆ. ಡೆ ಮಾಯ್ನ್ ನಗರದ ಕುಡಿಯುವ ನೀರಿನಲ್ಲಿ ಗೊಬ್ಬರದ ನೈಟ್ರೇಟ್ ಜಾಸ್ತಿಯಾಗಿ, ಅಲ್ಲಿನ ನೀರು ಸರಬರಾಜು ಸಂಸ್ಥೆ 2015ರಲ್ಲಿ ನದಿಯ ಮೇಲ್ಭಾಗದ ಮೂರು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಮೇಲೆ ಕೇಸು ಹಾಕಿತು. 2017ರಲ್ಲಿ ಅದು ವಜಾ ಆಯಿತು. ನೀರಿನ ತೊಂದರೆ ಮಾತ್ರ ಹಾಗೇ ಇದೆ.

ಒಂದು ದೂರು ನಾನು ಒಪ್ಪುತ್ತೇನೆ. ವಯಸ್ಸಾದ ಮಾಲೀಕರು ಒಳ್ಳೆಯ ಹೊಲವನ್ನೂ ಪೂರ್ತಿ ಇದಕ್ಕೆ ಕೊಟ್ಟುಬಿಟ್ಟರೆ, ಗುತ್ತಿಗೆಗೆ ಭೂಮಿ ಹುಡುಕುವ ಹುಡುಗರಿಗೆ ಏನೂ ಉಳಿಯುವುದಿಲ್ಲ. ಅದಕ್ಕೇ ನನಗೆ ಪಟ್ಟಿ ಪಟ್ಟಿಯಾಗಿ ಹುಲ್ಲು ಬಿಡುವ ಪದ್ಧತಿ ಇಷ್ಟ. ಹೊಲದ ಹತ್ತರಲ್ಲಿ ಒಂದು ಪಾಲಿಗೆ ಇಲ್ಲಿನದೇ ಹುಲ್ಲು ಹಾಕಿದರೆ ಕೊಚ್ಚಿಹೋಗುವ ಮಣ್ಣು 95% ಕಡಿಮೆಯಾಗುತ್ತದೆ ಅಂತ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಅಳೆದು ತೋರಿಸಿದ್ದಾರೆ. 2018ರ ಕೃಷಿ ಕಾಯ್ದೆ ಬಂದ ಮೇಲೆ ಇದಕ್ಕೂ ಸಿಆರ್‌ಪಿ ದುಡ್ಡು ಸಿಗುತ್ತದೆ. ಉಳಿದ ಒಂಬತ್ತು ಪಾಲಿನಲ್ಲಿ ಬೆಳೆ ಬೆಳೆಯಬಹುದು.

ಇನ್ನು ನಿಮಗೆ ಬೇಕಾದದ್ದು. ವಸಂತದಲ್ಲಿ ಆ ಹೊಲಕ್ಕೆ ಬೆಂಕಿ ಬಿದ್ದದ್ದು ಕಂಡರೆ ಗಾಬರಿಯಾಗಬೇಡಿ. ಸುತ್ತ ಜನ, ನೀರಿನ ಟ್ಯಾಂಕು ಇದ್ದರೆ ಅವರೇ ಹಚ್ಚಿದ್ದು. ಹಳೇ ಹುಲ್ಲು ಸುಟ್ಟರೆ ಹೊಸದು ಚೆನ್ನಾಗಿ ಬರುತ್ತದೆ. ಮೇ 15ರಿಂದ ಆಗಸ್ಟ್ 1ರವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ. ಆಗ ರೈತರೂ ಹುಲ್ಲು ಕೊಯ್ಯುವಂತಿಲ್ಲ, ನೀವೂ ನಾಯಿ ಬಿಡಬೇಡಿ. ಆಗಸ್ಟ್ ಕಳೆಯುವುದರೊಳಗೆ ಮಾಲೀಕರನ್ನು ಒಂದು ಮಾತು ಕೇಳಿ ಒಳಗೆ ಹೋಗಿ ಬನ್ನಿ. ಬ್ಲೂಸ್ಟೆಮ್ ಹುಲ್ಲು ನಿಮ್ಮ ತಲೆ ಮೇಲೆ ಹೋಗಿರುತ್ತದೆ. ಉದ್ದ ಪ್ಯಾಂಟು ಹಾಕಿಕೊಳ್ಳಿ, ಉಣ್ಣಿ ಹುಳ ಹತ್ತುತ್ತವೆ.