ಹಳ್ಳಿ ಮನೆಯ ಹಾಗೆ ಬೆಚ್ಚಗಿರುವ ಬಟ್ಟೆಗಳ ಬೀರು ಕಟ್ಟಿಕೊಳ್ಳುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಬೆಂಗಳೂರಲ್ಲಿ ಕೆಲಸ, ಫೋನಿನಲ್ಲಿ ದಿನಾ ಕಾಣುವ ಕಾಟೇಜ್‌ಕೋರ್ (ಯುರೋಪಿನ ಹಳ್ಳಿ ಮನೆಯ ಶೈಲಿಯ) ಉಡುಪುಗಳ ಮೇಲೆ ಆಸೆ, ಹಳ್ಳಿ ಸೊಗಡಿನ ಮೆತ್ತಗಿನ ಬಟ್ಟೆಗಳು ಬೇಕು, ಆಫೀಸಿಗೂ ನಡೆಯಬೇಕು, ಕೈಯಲ್ಲಿ 12 ಸಾವಿರ ಇದೆ, ಎಲ್ಲಿಂದ ಶುರು ಮಾಡಲಿ?

ಮೊದಲು ಒಬ್ಬ ಒಳ್ಳೆಯ ಟೈಲರನ್ನು ಹುಡುಕಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಯಾಕೆ ಅಂತ ಹೇಳಬೇಕಾದರೆ ನಾನು ಕಳೆದುಕೊಂಡ 2,400 ರೂಪಾಯಿಯ ಕಥೆ ಹೇಳಬೇಕು.

ನಮ್ಮದು ಸಾಗರ ಸೀಮೆಯ ಅಡಿಕೆ ತೋಟದ ಮನೆ. ನಾನು ಬೆಂಗಳೂರಿಗೆ ಬಂದು 14 ವರ್ಷವಾಯಿತು. 2021ರಲ್ಲಿ ನನಗೂ ಇದೇ ಹುಚ್ಚು ಹಿಡಿದಿತ್ತು. ಸಣ್ಣ ಹೂವಿನ ಪ್ರಿಂಟು, ಉಬ್ಬಿದ ತೋಳು, ಕತ್ತಿಗೆ ಲೇಸು ಇದ್ದ ಉದ್ದ ಫ್ರಾಕ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ‘ಕಾಟನ್ ಫೀಲ್’ ಅಂತ ಬರೆದಿತ್ತು. ಆ ‘ಫೀಲ್’ ಅನ್ನುವ ಪದದ ಮೇಲೆ ಆಗಲೇ ಅನುಮಾನ ಬರಬೇಕಿತ್ತು. ಅಡಿಕೆ ಸುಲಿತದ ಹೊತ್ತಿಗೆ ಊರಿಗೆ ಹೋದಾಗ ಅದನ್ನೇ ಹಾಕಿಕೊಂಡೆ. ಅಮ್ಮ ಮೇಲಿಂದ ಕೆಳಗೆ ನೋಡಿ, “ಕಿಟಕಿ ಪರದೆ ಉಳಿದಿತ್ತಾ?” ಅಂದಳು. ಸಂಜೆ ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಕೂತಿದ್ದಾಗ ಒಲೆಯಿಂದ ಎರಡು ಕಿಡಿ ಸಿಡಿದವು. ಒಂದು ಅಮ್ಮನ ಸೀರೆ ಮೇಲೆ ಬಿತ್ತು, ಅವಳು ಕೈಯಲ್ಲಿ ಒರೆಸಿಕೊಂಡಳು. ಇನ್ನೊಂದು ನನ್ನ ತೋಳಿನ ಮೇಲೆ ಬಿತ್ತು, ಬಟ್ಟೆ ಕರಗಿ ತೂತಾಯಿತು. ತೂತಿನ ಅಂಚು ಮುಟ್ಟಿದರೆ ಪ್ಲಾಸ್ಟಿಕ್ ಹಾಗೆ ಗಟ್ಟಿ. ಪಾಲಿಯೆಸ್ಟರ್ ಅಂದರೆ ಇದೇ. ಅಂಚಿನಿಂದ ಎರಡು ಎಳೆ ಕಿತ್ತು ಬೆಂಕಿ ತಾಗಿಸಿ ನೋಡಿ: ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಸಣ್ಣ ಮಣಿಯಾಗುತ್ತದೆ. ಈಗ ಯಾವ ಬಟ್ಟೆ ತಂದರೂ ನಾನು ಮೊದಲು ಮಾಡುವ ಕೆಲಸ ಇದು.

ಆವತ್ತು ಸುಲಿಯಲು ಕೂತ ಹೆಂಗಸರ ಬಟ್ಟೆಗಳನ್ನು ಸುಮ್ಮನೆ ನೋಡುತ್ತಾ ಇದ್ದೆ. ದಪ್ಪ ಹತ್ತಿ, ಚೌಕಳಿ, ಕಡುಬಣ್ಣ. ಕಲೆ ಕಾಣಬಾರದು, ಬಗ್ಗಿದರೆ ಏಳಲು ಅಡ್ಡಿಯಾಗಬಾರದು, ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಕಟ್ಟಿದ ಗಳುವಿನಲ್ಲಿ ಒಣಗಬೇಕು. ಆ ಬಟ್ಟೆಗಳ ರೂಪ ಬಂದಿರುವುದು ಹವೆಯಿಂದ ಮತ್ತು ಕೆಲಸದಿಂದ. ನೀವು ಫೋನಿನಲ್ಲಿ ನೋಡುವ ಉಡುಪುಗಳೂ ಹಾಗೇ, ಅವು ಯುರೋಪಿನ ತಣ್ಣನೆ ಹವೆಯವು, ಅಲ್ಲಿನ ಲಿನನ್ ಮತ್ತು ಉಣ್ಣೆಯವು. ಅವುಗಳ ನಕಲನ್ನು ಪಾಲಿಯೆಸ್ಟರಿನಲ್ಲಿ ಹೊಲಿದು ಏಪ್ರಿಲ್‌ನಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹಾಕಿಕೊಂಡು ನಿಂತರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಹಾಗಾಗಿ ಮೊದಲ ಖರೀದಿ ಸೊನ್ನೆ ರೂಪಾಯಿಯದು. ಊರಿಗೆ ಹೋಗಿ, ಅಮ್ಮ ಅಥವಾ ಅಜ್ಜಿಯ ಟ್ರಂಕು ತೆಗೆಸಿ. ನೀವು ಬಯಸುವ ಆ ಮೆತ್ತನೆಯ ಗುಣ ಹೊಸ ಬಟ್ಟೆಯಲ್ಲಿ ಬರುವುದಿಲ್ಲ, ಇಪ್ಪತ್ತು ವರ್ಷ ಒಗೆದ ಹತ್ತಿ ಸೀರೆಯಲ್ಲಿ ಇರುತ್ತದೆ. ಆದರೆ ಕೇಳಿ ತೆಗೆದುಕೊಳ್ಳಿ. ನಾನು ಕೇಳದೆ ತಂದ ಒಂದು ಸೀರೆ ಅಜ್ಜಿಯ ಬಾಣಂತನದ್ದಂತೆ, ಇವತ್ತಿಗೂ ಅದರ ಮಾತು ನಿಂತಿಲ್ಲ.

ತಂದ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಮಡಿಕೆ ಬಿದ್ದ ಗೆರೆಗಳಲ್ಲಿ ಮತ್ತು ನೆರಿಗೆಯ ಕೆಳಭಾಗದಲ್ಲಿ ಎಳೆ ಮೊದಲು ಸವೆಯುತ್ತದೆ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿ, ಚರ್ ಅಂದರೆ ಆ ಜಾಗ ಬಿಟ್ಟುಬಿಡಿ. ಸೊಂಟಕ್ಕೆ ಮೊದಲು ಸುತ್ತುವ ಒಳಭಾಗ ಸಾಮಾನ್ಯವಾಗಿ ಹೊಸದರಂತೆ ಇರುತ್ತದೆ. ಐದೂವರೆ ಮೀಟರಿನ ಸೀರೆಯಲ್ಲಿ ಸಡಿಲವಾದ ಒಂದು ಉದ್ದ ಕುರ್ತಾ, ಜೊತೆಗೆ ಒಂದು ದುಪಟ್ಟಾ ಆರಾಮಾಗಿ ಬರುತ್ತದೆ. ಸಡಿಲವಾದ ಅನ್ನುವುದನ್ನು ಅಡಿಗೆರೆ ಹಾಕಿ ಓದಿಕೊಳ್ಳಿ. ನಾನು ಮೊದಲ ಸಲ ಮೈಗೆ ಅಂಟುವ ಹಾಗೆ ಹೊಲಿಸಿ, ತಿಂಗಳೊಳಗೆ ಕಂಕುಳಲ್ಲಿ ಹರಿದುಕೊಂಡೆ. ಹಳೇ ಬಟ್ಟೆಗೆ ಎಳೆತ ಆಗುವುದಿಲ್ಲ. ಎದೆಯ ಕೆಳಗಿಂದ ನೆರಿಗೆ, ತೋಳು ಅಗಲ, ಒಳಗೆ ಮಲ್‌ಮಲ್ ಲೈನಿಂಗು ಕೊಡಿಸಿ. ಇದನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವ ಟೈಲರ್ ಬೇಕು. “ಮೇಡಂ, ಇದು ಹಳೇದು, ಯಾಕೆ ಸುಮ್ನೆ ಕೂಲಿ ದಂಡ” ಅನ್ನುವವರ ಹತ್ತಿರ ಕೊಡಬೇಡಿ. ನಮ್ಮ ಬೀದಿಯಲ್ಲಿ ಮಕ್ಕಳ ಯೂನಿಫಾರಂ ಹೊಲಿಯುವ ಒಬ್ಬ ಅಕ್ಕ ಇದ್ದಾರೆ, ಬೊಟೀಕಿನವರಿಗಿಂತ ಚೆನ್ನಾಗಿ ಹೊಲಿಯುತ್ತಾರೆ. ಯೂನಿಫಾರಂ ಹೊಲಿಯುವವರಿಗೆ ಹೊಲಿಗೆ ಬಿಚ್ಚಬಾರದು ಅನ್ನುವುದು ಗೊತ್ತಿರುತ್ತದೆ.

ಆಮೇಲೆ ಮೀಟರ್ ಲೆಕ್ಕದ ಬಟ್ಟೆ. ಖಾದಿ ಭಂಡಾರಗಳಲ್ಲಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ರಿಯಾಯಿತಿ ಇರುತ್ತದೆ, ಆಗಲೇ ಹೋಗಿ. ಕೈಮಗ್ಗಕ್ಕಾದರೆ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. ನನ್ನ ಪಕ್ಷಪಾತ ಮಾತ್ರ ನಮ್ಮೂರ ಕಡೆಯ ‘ಚರಕ’ ಸಂಸ್ಥೆಯ ಬಟ್ಟೆಗೆ. ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿ ಹೆಂಗಸರೇ ನಡೆಸುವ ಸಹಕಾರ ಸಂಘ ಅದು. ಅಲ್ಲಿ ಅಡಿಕೆ ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಚೊಗರು ಅಂದರೆ ಸುಲಿದ ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪುಗಂದು ರಸ. ಅಡಿಕೆ ಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತು, ಅದು ಬಟ್ಟೆಗೆ ತಾಗಿತೆಂದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಶಾಲೆಯ ಬಿಳಿ ಅಂಗಿಗೆ ಚೊಗರು ಮಾಡಿಕೊಂಡು ಬಂದಿದ್ದಕ್ಕೆ ನಾನು ಬೈಸಿಕೊಂಡ ಲೆಕ್ಕವಿಲ್ಲ. ಅದೇ ಬಣ್ಣದ ಕುರ್ತಾ ಹಾಕಿಕೊಂಡು ಈಗ ಮೀಟಿಂಗಿಗೆ ಹೋಗುತ್ತೇನೆ, ಯಾವುದಿದು ಇಷ್ಟು ಚೆಂದದ ಬ್ರೌನ್ ಅಂತ ಕೇಳುತ್ತಾರೆ. ಅಮ್ಮನಿಗೆ ಹೇಳಿದರೆ ನಗುತ್ತಾಳೆ, ಅಷ್ಟೇ.

ಖಾದಿ, ಕೈಮಗ್ಗ ಯಾವುದಾದರೂ ಹೊಲಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಹತ್ತಿ ಕುಗ್ಗುತ್ತದೆ. ಟೈಲರ್ ಎರಡೂವರೆ ಮೀಟರ್ ಅಂದರೆ ಮೂರು ತೆಗೆದುಕೊಳ್ಳಿ. ಉಳಿದರೆ ಕೈಚೀಲ ಆಗುತ್ತದೆ.

ಬಯಲುಸೀಮೆಯ ಬಟ್ಟೆಗಳ ಪಾಠ ನನಗೆ ಆಗಿದ್ದು ಅತ್ತಿಗೆಯಿಂದ. ಅವಳ ತವರು ಬಾಗಲಕೋಟೆ ಜಿಲ್ಲೆ, ಇಳಕಲ್ಲು ಗುಳೇದಗುಡ್ಡ ಎರಡೂ ಇರುವ ಜಿಲ್ಲೆ. ಗುಳೇದಗುಡ್ಡದ ಖಣ ನೋಡಿದರೆ ನಿಮ್ಮ ಹೂವಿನ ಪ್ರಿಂಟಿನ ಆಸೆ ಅಲ್ಲೇ ತೀರುತ್ತದೆ. ಅದು ಪ್ರಿಂಟಲ್ಲ, ನೇಯ್ಗೆಯಲ್ಲೇ ಎದ್ದ ಸಣ್ಣ ಸಣ್ಣ ಬುಟ್ಟಾ. ತೇರು, ಆನೆ ಹೆಜ್ಜೆ ಹೀಗೆ ವಿನ್ಯಾಸಗಳಿಗೆ ಹೆಸರೂ ಇವೆ. ಕುಪ್ಪಸಕ್ಕೆಂದೇ ನೇಯ್ದ ಬಟ್ಟೆಯಾದ್ದರಿಂದ ಅಗಲ ಕಡಿಮೆ. ಇಡೀ ಕುರ್ತಾ ಹೊಲಿಸುತ್ತೇನೆಂದು ಹೊರಟಾಗ ಅತ್ತಿಗೆ ತಡೆದಳು: “ಖಣದ ಮ್ಯಾಲ ಕತ್ರಿ ಇಡೂ ಮುಂದ ಲೆಕ್ಕಾ ಹಾಕ್ಬೇಕವ್ವಾ, ಸುಮ್ನ ಹಾಳ ಮಾಡಬ್ಯಾಡ.” ಅವಳ ಸಲಹೆಯಂತೆ ಎದೆಪಟ್ಟಿ ಮತ್ತು ತೋಳಿನ ಅಂಚಿಗೆ ಮಾತ್ರ ಖಣ, ಉಳಿದದ್ದು ಸಾದಾ ಹತ್ತಿ. ಆಫೀಸಿಗೆ ಅತಿಯಾಗದೆ ಹೊಂದುತ್ತದೆ. ಈಗ ಪಾಲಿಯೆಸ್ಟರ್ ಖಣ ರಾಶಿ ರಾಶಿ ಬಂದಿದೆ, ಬೆಂಕಿ ಪರೀಕ್ಷೆ ಮರೆಯಬೇಡಿ.

ಸೀರೆ ಉಡುವವರಾದರೆ ಒಂದು ಹತ್ತಿಯ ಇಳಕಲ್ ಇರಲಿ. ಅದರ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸಿ ನೇಯುತ್ತಾರೆ. ಆ ಸೆರಗಿಗೆ ಟೋಪ್ ತೆನಿ ಎನ್ನುತ್ತಾರೆ: ಕೆಂಪು ನೆಲ, ಬಿಳಿ ಗೋಪುರದ ಸಾಲು. ಜೋಡಣೆಯ ಜಾಗದಲ್ಲಿ ಬೆರಳಾಡಿಸಿದರೆ ಗೊತ್ತಾಗುತ್ತದೆ. ನಾನು ಮೊದಲ ಇಳಕಲ್ಲನ್ನು ಬಕೆಟ್ಟಿನಲ್ಲಿ ಇಡಿಯಾಗಿ ನೆನೆಹಾಕಿ ಫೋನಿನಲ್ಲಿ ಮಾತಾಡುತ್ತಾ ಕೂತೆ. ಸೆರಗಿನ ಕೆಂಪು ಒಡಲಿಗೆಲ್ಲ ಹತ್ತಿತು. ತಪ್ಪು ನನ್ನದೇ, ಮೊದಲ ಮೂರ್ನಾಲ್ಕು ಒಗೆತ ತಣ್ಣೀರಿನಲ್ಲಿ, ಸೆರಗನ್ನು ಬೇರೆಯಾಗಿ ಹಿಡಿದು ಬೇಗ ಜಾಲಿಸಿ ತೆಗೆಯಬೇಕು. ಆ ಸೀರೆ ಈಗ ಯಾವ ಬಣ್ಣ ಅಂತ ಹೇಳಲು ಬರುವುದಿಲ್ಲ. ಮನೆಯಲ್ಲಿ ಉಡುತ್ತೇನೆ.

ಕಸೂತಿ ಬಗ್ಗೆ ಒಂದು ಮಾತು. ಧಾರವಾಡದ ಕಡೆಯ ಕೈಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಹಾಕುತ್ತಾರೆ. ಗಾವಂತಿ, ಮುರಗಿ ಹೊಲಿಗೆಗಳಲ್ಲಿ ಮುಂದೂ ಹಿಂದೂ ಒಂದೇ ತರ ಕಾಣುತ್ತದೆ. ಅಂಗಡಿಯವರು ಕೈಕಸೂತಿ ಅಂದರೆ ಬಟ್ಟೆ ತಿರುಗಿಸಿ ನೋಡಿ, ಹಿಂದೆ ದಾರದ ಗೋಜಲು ಇದ್ದರೆ ಮೆಷಿನ್ನಿನದು. ಕೈಯದು ದುಬಾರಿ, ಆಗಲೇಬೇಕು. ನಿಮ್ಮ ಬಜೆಟ್ಟಿನಲ್ಲಿ ಜೇಬಿನ ಮೇಲೆ ಒಂದು ತುಳಸಿಕಟ್ಟೆ ಹಾಕಿಸಿಕೊಳ್ಳಬಹುದು, ಅಷ್ಟು ಸಾಕು.

ಇನ್ನು ಬೆಚ್ಚಗಿನ ವಿಷಯ. ಕಂಬಳಿಯ ಜಾಕೆಟ್ ಆಸೆ ಇದ್ದರೆ ಬಿಡಿ ಅನ್ನುತ್ತೇನೆ. ದಖನಿ ಕುರಿಯ ಉಣ್ಣೆ ಒರಟು. ಕುರುಬರು ಗುಂಡಿಮಗ್ಗದಲ್ಲಿ ನೇಯುವಾಗ ಹುಣಸೆ ಬೀಜದ ಗಂಜಿ ಹಾಕುವುದರಿಂದ ಹೊಸ ಕಂಬಳಿ ತಗಡಿನ ಹಾಗೆ ನಿಲ್ಲುತ್ತದೆ. ನಮ್ಮಜ್ಜ ಕೊಪ್ಪೆ ಮಾಡಿ ತಲೆಮೇಲೆ ಹಾಕಿಕೊಂಡು ಜಡಿಮಳೆಯಲ್ಲಿ ಗದ್ದೆಗೆ ಹೋಗುತ್ತಿದ್ದರು, ಅದಕ್ಕೆ ಹೇಳಿ ಮಾಡಿಸಿದ ವಸ್ತು ಅದು. ಬೆಂಗಳೂರಿನ ಡಿಸೆಂಬರಿಗೆ ಅಷ್ಟು ಬೇಡ, ಕತ್ತು ಕೆರೆದುಕೊಳ್ಳುತ್ತಾ ಕೂರುತ್ತೀರಿ. ಚಳ್ಳಕೆರೆಯ ಕಡೆ ಹೋದರೆ ಒಂದು ತಂದು ಸೋಫಾದ ಮೇಲೆ ಹಾಸಿಕೊಳ್ಳಿ. ಮೈಮೇಲೆ ಹಾಕಿಕೊಳ್ಳಲು ಚಳಿಗಾಲದಲ್ಲಿ ಟಿಬೆಟನ್ನರು ಬೀದಿಬದಿ ಹಾಕುವ ಸ್ವೆಟರ್ ಅಂಗಡಿಗಳಲ್ಲಿ ಒಂದು ಸಾದಾ, ಮುಂದೆ ಗುಂಡಿ ಇರುವ ಸ್ವೆಟರ್ ನೋಡಿ. ಉಗುರಿನಲ್ಲಿ ಕೆರೆದರೆ ಕಿರುಗುಟ್ಟುವಂಥದ್ದು ಬೇಡ. ಉಳಿದ ಎಲ್ಲ ಹಳೇ ಚೂರುಗಳನ್ನು ಎತ್ತಿಡಿ, ಅವು ಕೌದಿಗೆ. ಬೆಚ್ಚಗಿರುವ ಬಟ್ಟೆ ಅಂತ ನನ್ನನ್ನು ಕೇಳಿದರೆ ಮೊದಲು ನೆನಪಾಗುವುದು ಅದೇ. ಮೂರು ನಾಲ್ಕು ಪದರ ಹತ್ತಿ, ಉದ್ದಕ್ಕೂ ಓಡುಹೊಲಿಗೆ, ಅಷ್ಟೇ ಇರುವುದು.

ಕಾಲಿಗೆ ಅಥಣಿ, ನಿಪ್ಪಾಣಿ ಕಡೆ ಮಾಡುವ ಕೊಲ್ಹಾಪುರಿ ಚಪ್ಪಲಿ. ಹೆಸರು ಕೊಲ್ಹಾಪುರದ್ದಾದರೂ ಜಿಐ (ಇಂಥ ಪ್ರದೇಶದ್ದೇ ವಸ್ತು ಎಂದು ಗುರುತಿಸುವ) ಮಾನ್ಯತೆಯಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಇವೆ. ಮಳೆಗೆ ಹಾಕಬೇಡಿ, ಚರ್ಮ ನೀರು ಕುಡಿದು ಹಪ್ಪಳವಾಗುತ್ತದೆ.

ಬೀರುವಿನೊಳಗೆ ನುಸಿಗುಳಿಗೆ ಇಟ್ಟರೆ ಹಳ್ಳಿ ಸೊಗಡು ಎಲ್ಲ ಹೋಗಿ ಕಚೇರಿಯ ಫೈಲು ರೂಮಿನ ವಾಸನೆ ಬರುತ್ತದೆ. ನಮ್ಮಲ್ಲಿ ಲಾವಂಚದ ಬೇರಿನ ಕಟ್ಟು ಇಡುತ್ತಾರೆ, ಉಣ್ಣೆ ಬಟ್ಟೆಗಳ ನಡುವೆ ಒಂದೆರಡು ಬಜೆ ಬೇರು. ಜೊತೆಗೆ ಬಿಸಿಲು ಬಿದ್ದ ದಿನ ಎಲ್ಲವನ್ನೂ ಹೊರಗೆ ತೆಗೆದು ಹರವುವುದು ಇದ್ದೇ ಇದೆ. ಬಿಸಿಲಿಲ್ಲದೆ ಲಾವಂಚವೊಂದೇ ಏನೂ ಮಾಡುವುದಿಲ್ಲ.

ಲೆಕ್ಕ ಬೇಕೆಂದರೆ, ನಾನು ಈಚೆಗೆ ಕೊಟ್ಟ ಬೆಲೆಗಳಲ್ಲಿ ಹೇಳುತ್ತೇನೆ: ಹಳೇ ಸೀರೆಯ ಎರಡು ಕುರ್ತಾಗಳಿಗೆ ಕೂಲಿ, ಲೈನಿಂಗು ಸೇರಿ 1,800. ಖಾದಿಯಲ್ಲಿ ಎರಡು, ಬಟ್ಟೆ ಕೂಲಿ ಸೇರಿ 3,500. ಖಣ ಸೇರಿಸಿದ ಒಂದು, 1,800. ಸಾದಾ ಹತ್ತಿ ಇಳಕಲ್ 2,000, ಸ್ವೆಟರ್ 900, ಚಪ್ಪಲಿ 1,200. ಒಟ್ಟು 11,200. ಉಳಿದ 800ನ್ನು ಇಟ್ಟುಕೊಳ್ಳಿ, ಆಲ್ಟರೇಷನ್ ಅಂತ ಟೈಲರ್ ಹತ್ತಿರ ಇನ್ನೆರಡು ಸಲ ಹೋಗುವುದು ಖಂಡಿತ. ಎಲ್ಲವನ್ನೂ ಒಂದೇ ಸಲ ಕೊಡಬೇಡಿ. ಒಂದು ಹೊಲಿಸಿ, ಎರಡು ವಾರ ಹಾಕಿ, ಒಗೆದು, ಎಲ್ಲಿ ಹಿಡಿಯುತ್ತದೆ ನೋಡಿಕೊಂಡು ಮುಂದಿನದು ಕೊಡಿ.

ಮತ್ತೆ ಜೇಬು. ಹೇಳದಿದ್ದರೆ ಯಾವ ಟೈಲರೂ ಇಡುವುದಿಲ್ಲ, ಹೇಳಿದರೆ ಬಲಗಡೆ ಒಂದು ಇಟ್ಟು ಕೊಡುತ್ತಾರೆ. ಎರಡೂ ಕಡೆ ಬೇಕು, ಫೋನು ಪೂರ್ತಿ ಇಳಿಯುವಷ್ಟು ಆಳ ಇರಬೇಕು ಅಂತ ಅಳತೆ ಪುಸ್ತಕದಲ್ಲಿ ಬರೆಸಿಯೇ ಬನ್ನಿ.